ತಪ್ಪನ್ನು ತಿದ್ದೋಣ, ಅಳಿಸುವುದು ಬೇಡ

ಕಾಗದದ ಲೆಕ್ಕಪುಸ್ತಕಗಳ ಕಾಲದಲ್ಲಿ ಗುಮಾಸ್ತರಿಗೊಂದು ಶಿಸ್ತಿತ್ತು. ರೋಜು ಕಿರ್ದಿಯಲ್ಲಿ ಅಂಕಿಯೊಂದು ತಪ್ಪಿದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಗೆರೆಯ ಅಡಿಯಲ್ಲಿರುವ ಹಳೆಯ ಅಂಕಿ ಓದಲು ಸಿಗುವಂತಿರಬೇಕು. ಸರಿಯಾದ ಅಂಕಿಯನ್ನು ಅದರ ಮೇಲೆ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಬ್ಲೇಡಿನಿಂದ ಕೆರೆಯುವುದು, ರಬ್ಬರಿನಿಂದ ಉಜ್ಜುವುದು, ಅಂಕಿಯ ಮೇಲೆಯೇ ಅಂಕಿ ಬರೆಯುವುದು ಸರ್ವಥಾ ಸಲ್ಲದು. ಅಂಕಿ ತಪ್ಪಿದವನನ್ನು ಲೆಕ್ಕ ಪರಿಶೋಧಕರು ಮನ್ನಿಸುತ್ತಿದ್ದರು, ಅಂಕಿಯನ್ನು ಕೆರೆದವನನ್ನು ಅನುಮಾನಿಸುತ್ತಿದ್ದರು. ಮನುಷ್ಯನು ತಪ್ಪುವವನು ಎಂಬುದನ್ನು ಒಪ್ಪಿಕೊಂಡೇ ರೂಪುಗೊಂಡ ಶಿಸ್ತು ಇದು.

ಇಂದು ಕಿರ್ದಿ ಪುಸ್ತಕಗಳ ಜಾಗದಲ್ಲಿ ಕಂಪ್ಯೂಟರ್ ಬಂದಿದೆ. ಕಿರಾಣಿ ಅಂಗಡಿಯಿಂದ ಶಾಲಾ ಟ್ರಸ್ಟಿನ ತನಕ, ಯುವಕ ಸಂಘದಿಂದ ಸಹಕಾರಿ ಬ್ಯಾಂಕಿನ ತನಕ ಎಲ್ಲರ ಲೆಕ್ಕವೂ ಸಾಫ್ಟ್‌ವೇರ್‌ನಲ್ಲಿದೆ. ಕೂಡುವ ಕಳೆಯುವ ಶ್ರಮ ತಪ್ಪಿದೆ, ತಾಳೆಪಟ್ಟಿ ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಇದೊಂದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಒಂದು ಗೆರೆ ಮತ್ತು ಆ ಸಣ್ಣ ಸಹಿ ಎಲ್ಲಿ ಹೋದವು? ತಪ್ಪಿದ ನಮೂದನ್ನು ಇಂದು ಎರಡು ಕೀಲಿ ಒತ್ತಿ ಇಲ್ಲವಾಗಿಸಬಹುದು. ಕೆರೆದ ಗುರುತೂ ಉಳಿಯುವುದಿಲ್ಲ. ಈ ಸೌಕರ್ಯ ಒಬ್ಬ ನಿರಪರಾಧಿಯ ಬದುಕಿಗೆ ಹೇಗೆ ಎರವಾಗಬಲ್ಲದು ಎಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಕಂಡಿದ್ದೇವೆ ಎಂದರೆ ಸಾಲದು, ಅದರಲ್ಲಿ ನಮ್ಮ ಪಾಲೂ ಇತ್ತು.

ಕೆಲವು ವರ್ಷಗಳ ಹಿಂದಿನ ಮಾತು. ವಿದ್ಯಾಸಂಸ್ಥೆಯೊಂದರ ವಾರ್ಷಿಕ ಲೆಕ್ಕವನ್ನು ಪರಿಶೀಲಿಸುವ ಮೂವರ ಸಮಿತಿಯಲ್ಲಿ ನಾವೂ ಒಬ್ಬರಾಗಿದ್ದೆವು. ಶುಲ್ಕದ ರಶೀದಿ ಪುಸ್ತಕದ ಪಡಿಯಚ್ಚುಗಳನ್ನು ಕೂಡಿದಾಗ ಬಂದ ಮೊತ್ತಕ್ಕೂ ಕಂಪ್ಯೂಟರ್ ತೋರಿಸುವ ಶುಲ್ಕದ ಖಾತೆಗೂ 12,000 ರೂಪಾಯಿಗಳ ಅಂತರವಿತ್ತು. ರಶೀದಿ ಬರೆದು ಹಣ ಪಡೆದವನು ಗುಮಾಸ್ತ. ಕಂಪ್ಯೂಟರಿಗೆ ಏರಿಸಬೇಕಾದವನೂ ಅವನೇ. ಬಿ.ಕಾಂ. ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗ. 'ಎಲ್ಲ ರಶೀದಿಯನ್ನೂ ಏರಿಸಿದ್ದೇನೆ ಸರ್, ನನಗೆ ನೆನಪಿದೆ' ಎಂದು ಆತ ಪದೇ ಪದೇ ಹೇಳಿದ. ಪರದೆಯ ಮೇಲೆ ಮಾತ್ರ ಅವು ಇರಲಿಲ್ಲ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಅಂದು ಹೇಳಿದವರಲ್ಲಿ ನಾವೂ ಇದ್ದೆವು. ಮೊತ್ತವನ್ನು ಆತನ ಸಂಬಳದಿಂದ ಕಂತುಗಳಲ್ಲಿ ಕಡಿತ ಮಾಡುವುದೆಂದು ತೀರ್ಮಾನವಾಯಿತು. ಕೊನೆಯ ಕಂತು ತೀರಿದ ತಿಂಗಳೇ ಆತ ಕೆಲಸ ಬಿಟ್ಟ.

ಮರುವರ್ಷ ಸಂಸ್ಥೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ಬ್ಯಾಕಪ್‌ಗಳನ್ನು ತೆರೆದು ನೋಡುತ್ತಿದ್ದಾಗ ಸತ್ಯ ಹೊರಬಿತ್ತು. ಒಂದೇ ಮನೆಯ ಮೂವರು ಮಕ್ಕಳ ಶುಲ್ಕವನ್ನು ತಂದೆಯೊಬ್ಬರು ಒಂದೇ ದಿನ ಕಟ್ಟಿದ್ದರು. ತಲಾ 6,000ದ ಮೂರು ರಶೀದಿಗಳು, ಮೂರರಲ್ಲೂ ತಂದೆಯ ಹೆಸರು ಒಂದೇ. ಕಚೇರಿಯ ಹಿರಿಯರೊಬ್ಬರು ಇದನ್ನು ಕಂಡು, ಒಂದೇ ನಮೂದು ಮೂರು ಬಾರಿ ಬಿದ್ದಿದೆ ಎಂದು ಭಾವಿಸಿ ಎರಡನ್ನು ಅಳಿಸಿದ್ದರು. ಸಂಜೆ ಎಣಿಸುವಾಗ ಪುಸ್ತಕಕ್ಕಿಂತ 12,000 ರೂಪಾಯಿ ಹೆಚ್ಚು ನಗದು ಕಂಡಿತು. ಅದನ್ನು 'ಇತರ ಆದಾಯ' ಎಂದು ಜಮಾ ಮಾಡಿದರು. ಅಲ್ಲಿಗೆ ನಗದು ತಾಳೆಯಾಯಿತು, ಬ್ಯಾಂಕ್ ತಾಳೆಯಾಯಿತು, ತಾಳೆಪಟ್ಟಿಯೂ ಸರಿಹೋಯಿತು. ಒಂದು ರೂಪಾಯಿಯೂ ಕಳವಾಗಿರಲಿಲ್ಲ. ಅವರದು ದುರುದ್ದೇಶವೂ ಆಗಿರಲಿಲ್ಲ, ತಪ್ಪು ತಿದ್ದುತ್ತಿದ್ದೇನೆ ಎಂಬ ನಂಬಿಕೆಯಿಂದಲೇ ಅವರು ಹಾಗೆ ಮಾಡಿದ್ದರು. ವಿಪರ್ಯಾಸವೆಂದರೆ, ಕಚೇರಿಯಲ್ಲಿ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದುದರಿಂದ, ಆ ಹಿರಿಯರು ತಾವಾಗಿ ನೆನಪಿಸಿಕೊಂಡು ಒಪ್ಪದೇ ಹೋಗಿದ್ದರೆ ಅಳಿಸಿದವರು ಯಾರೆಂದು ಇಂದಿಗೂ ತಿಳಿಯುತ್ತಿರಲಿಲ್ಲ.

ಲೆಕ್ಕ ತಾಳೆಯಾಗುವುದು ಮತ್ತು ಲೆಕ್ಕ ಸರಿಯಿರುವುದು ಒಂದೇ ಎಂಬ ಭ್ರಮೆ ನಮ್ಮಲ್ಲಿ ಬಲವಾಗಿದೆ. ಜಮಾ ಮತ್ತು ಖರ್ಚಿನ ಎರಡು ಬದಿಗಳು ಸಮನಾಗಿವೆ ಎಂದಷ್ಟೇ ತಾಳೆಪಟ್ಟಿ ಹೇಳಬಲ್ಲದು. ಹಣ ತಪ್ಪು ಖಾತೆಗೆ ಹೋಗಿದ್ದರೆ, ನಮೂದೇ ಬಿಟ್ಟುಹೋಗಿದ್ದರೆ, ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿದ್ದರೆ ಅದು ಬಾಯಿ ಬಿಡುವುದಿಲ್ಲ. ಕಾಗದದ ಕಾಲದ ಗುಮಾಸ್ತರು 900 ರೂಪಾಯಿಯ ವ್ಯತ್ಯಾಸ ಕಂಡರೆ ಅದನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಭಾಗವಾದರೆ 5,400 ಎಂಬಲ್ಲಿ 4,500 ಎಂದು ಅಂಕಿಗಳು ಅದಲುಬದಲಾಗಿರಬಹುದೆಂದು ಹುಡುಕುತ್ತಿದ್ದರು. ವ್ಯತ್ಯಾಸದ ಮೂಲ ಸಿಗುವ ತನಕ ಆ ಮೊತ್ತ ಅನಾಮತ್ತು ಖಾತೆಯಲ್ಲಿ ಕಾಯುತ್ತಿತ್ತು. ನಾವು ಹೇಳಿದ ಪ್ರಕರಣದಲ್ಲಿ ಆ 12,000 ರೂಪಾಯಿಯನ್ನು ಆದಾಯವೆಂದು ಕರೆಯದೆ ಅನಾಮತ್ತು ಖಾತೆಯಲ್ಲಿಟ್ಟಿದ್ದರೆ ಸಾಕಿತ್ತು. ವರ್ಷಾಂತ್ಯದಲ್ಲಿ ಯಾರಾದರೊಬ್ಬರು 'ಇದು ಎಲ್ಲಿಂದ ಬಂತು?' ಎಂದು ಕೇಳುತ್ತಿದ್ದರು. ಒಬ್ಬ ಹುಡುಗನ ಮಾನ ಉಳಿಯುತ್ತಿತ್ತು.

ಇದು ಒಂದು ಸಣ್ಣ ಸಂಸ್ಥೆಯ ಅಚಾತುರ್ಯವೆಂದು ತಳ್ಳಿಹಾಕುವವರಿಗೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಹಗರಣವನ್ನು ನೆನಪಿಸಬೇಕಾಗಿದೆ. ಅಲ್ಲಿ ಹಳ್ಳಿ ಪಟ್ಟಣಗಳ ಅಂಚೆ ಕಚೇರಿಗಳನ್ನು ಹೆಚ್ಚಾಗಿ ನಡೆಸುವವರು ಸಣ್ಣ ಅಂಗಡಿಕಾರರು. ಅವರಲ್ಲಿ ಭಾರತ, ಪಾಕಿಸ್ತಾನ ಮೂಲದವರೂ ಬಹಳಷ್ಟು ಮಂದಿ. ಸರಕಾರಿ ಒಡೆತನದ ಪೋಸ್ಟ್ ಆಫೀಸ್ ಸಂಸ್ಥೆಯು 1999ರಿಂದ ಅವರೆಲ್ಲರ ಕೌಂಟರ್‌ಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರನ್ನು ಅಳವಡಿಸತೊಡಗಿತು. ಅದನ್ನು ನೋಡಿಕೊಳ್ಳುತ್ತಿದ್ದುದು ಫುಜಿತ್ಸು ಕಂಪೆನಿ. ಸಾಫ್ಟ್‌ವೇರ್‌ನಲ್ಲಿ ದೋಷಗಳಿದ್ದವು. ಇಲ್ಲದ ಕೊರತೆಯನ್ನು ಅದು ತೋರಿಸುತ್ತಿತ್ತು. ಕೊರತೆಯನ್ನು ತುಂಬಿಕೊಡಬೇಕಾದವರು ಅಂಗಡಿಕಾರರು. ಹಲವರು ಉಳಿತಾಯ ಸುರಿದರು, ಮನೆ ಕಳೆದುಕೊಂಡರು. 1999ರಿಂದ 2015ರ ವರೆಗೆ 900ಕ್ಕೂ ಹೆಚ್ಚು ಮಂದಿ ಕಳವು, ವಂಚನೆ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಭಾರತೀಯ ಮೂಲದ ಮಹಿಳೆಯೊಬ್ಬರನ್ನು 2010ರಲ್ಲಿ ಗರ್ಭಿಣಿಯಾಗಿರುವಾಗಲೇ ಜೈಲಿಗೆ ಕಳುಹಿಸಲಾಯಿತು. ಅವರು ನಿರ್ದೋಷಿಯೆಂದು ನ್ಯಾಯಾಲಯ ಒಪ್ಪಿದ್ದು 2021ರಲ್ಲಿ.

ಈ ಹಗರಣದ ಒಳಗೆ ಇಣುಕಿದರೆ ಅಲ್ಲಿಯೂ ತಿದ್ದುಪಡಿಯ ಪ್ರಶ್ನೆಯೇ ಎದುರಾಗುತ್ತದೆ. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನ ಹೆಸರಿನಿಂದಲೇ ಕರೆಯಲಾಗುವ ಒಂದು ದೋಷವಿದೆ. 2015ರಲ್ಲಿ ಅಲ್ಲಿ 8,000 ಪೌಂಡ್ ನಗದಿನ ಸ್ವೀಕೃತಿಯನ್ನು ದಾಖಲಿಸುವಾಗ ಪರದೆ ಮುಂದೆ ಹೋಗಲಿಲ್ಲ. ಕೀಲಿಯನ್ನು ಮತ್ತೆ ಮತ್ತೆ ಒತ್ತಿದಾಗ ಅದೇ ಮೊತ್ತ ನಾಲ್ಕು ಬಾರಿ ದಾಖಲಾಯಿತು. ಬಂದದ್ದು 8,000, ಪುಸ್ತಕದಲ್ಲಿದ್ದದ್ದು 32,000. ಕಣ್ಣೆದುರೇ 24,000 ಪೌಂಡುಗಳ 'ಕೊರತೆ' ಹುಟ್ಟಿಕೊಂಡಿತು. ಇಂತಹ ವ್ಯತ್ಯಾಸ ಕಂಡಾಗ ಅಂಗಡಿಕಾರ ಏನು ಮಾಡಬೇಕು? ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಇರಿಸಲು ಮೊದಲು ಒಂದು ಅನಾಮತ್ತು ಖಾತೆಯ ಸೌಲಭ್ಯವಿತ್ತು. 2005ರಲ್ಲಿ ಅದನ್ನೂ ತೆಗೆದುಹಾಕಲಾಯಿತು. 'ಈ ವ್ಯತ್ಯಾಸವನ್ನು ನಾನು ಒಪ್ಪುವುದಿಲ್ಲ' ಎಂದು ದಾಖಲಿಸುವ ದಾರಿ ಯಂತ್ರದಲ್ಲಿ ಉಳಿಯಲಿಲ್ಲ. ಲೆಕ್ಕ ಸರಿಯಿದೆಯೆಂದು ಒಪ್ಪದೆ ಮುಂದಿನ ಅವಧಿಯ ವ್ಯವಹಾರ ನಡೆಸುವಂತಿರಲಿಲ್ಲ. ಗತ್ಯಂತರವಿಲ್ಲದೆ ಒಪ್ಪಿದವರ ಮೇಲೆ ಸುಳ್ಳು ಲೆಕ್ಕ ಕೊಟ್ಟರೆಂಬ ಮೊಕದ್ದಮೆ ಬಿತ್ತು!

ಇನ್ನೊಂದು ಸಂಗತಿ ಇದಕ್ಕಿಂತ ಕಳವಳಕಾರಿ. ಅಂಗಡಿಕಾರನಿಗೆ ತಿಳಿಯದಂತೆ ಆತನ ಲೆಕ್ಕಕ್ಕೆ ದೂರದಿಂದಲೇ ನಮೂದುಗಳನ್ನು ಸೇರಿಸಲು ಫುಜಿತ್ಸುವಿನ ತಂತ್ರಜ್ಞರಿಗೆ ಸಾಧ್ಯವಿತ್ತು. ಹಾಗೆ ಸಾಧ್ಯವೇ ಇಲ್ಲವೆಂದು ಪೋಸ್ಟ್ ಆಫೀಸ್ ವರ್ಷಗಟ್ಟಲೆ ವಾದಿಸಿತು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ಈ ವಾದವನ್ನು ತಳ್ಳಿಹಾಕಿ, ಸಾಫ್ಟ್‌ವೇರ್‌ನ ದೋಷಗಳನ್ನು ಎತ್ತಿಹಿಡಿಯಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಮಂದಿಯ ಶಿಕ್ಷೆಯನ್ನು ರದ್ದುಗೊಳಿಸಿತು. ಉಳಿದವರಿಗಾಗಿ 2024ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಈ ಹಗರಣದ ಕಾರಣದಿಂದ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು ಸರ್ ವಿನ್ ವಿಲಿಯಮ್ಸ್ ನೇತೃತ್ವದ ವಿಚಾರಣಾ ಆಯೋಗ 2025ರ ಜುಲೈಯಲ್ಲಿ ಹೇಳಿತು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ನ್ಯಾಯಾಲಯ ಮೊದಲೇ ನಂಬಿಕೊಳ್ಳುವ ರೂಢಿ ಆ ದೇಶದಲ್ಲಿತ್ತು. ಸಾಕ್ಷ್ಯ ನೀಡುವ ಕಂಪ್ಯೂಟರ್ ಸುಸ್ಥಿತಿಯಲ್ಲಿತ್ತೆಂದು ಸಾಬೀತುಪಡಿಸಬೇಕೆಂಬ ಹಳೆಯ ನಿಬಂಧನೆಯನ್ನು 1999ರ ಕಾಯ್ದೆಯೊಂದು ತೆಗೆದುಹಾಕಿತ್ತು. ನಮ್ಮ ಮೂವರ ಸಮಿತಿ ಆ ಹುಡುಗನ ಮುಂದೆ ಆಡಿದ ಮಾತಿಗೂ ಈ ರೂಢಿಗೂ ಎಷ್ಟು ಅಂತರವಿದೆ?

ನಮ್ಮ ದೇಶದಲ್ಲಿ ಸ್ಥಿತಿ ಏನು? ಕಂಪೆನಿಗಳ ಮಟ್ಟಿಗೆ ಕಾನೂನು ಎಚ್ಚೆತ್ತಿದೆ. ಪ್ರತಿಯೊಂದು ನಮೂದಿನ ಜಾಡನ್ನೂ, ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಸಹಿತ ದಾಖಲಿಸುವ ಮತ್ತು ಆ ದಾಖಲೆಯನ್ನು ಯಾರಿಂದಲೂ ನಿಲ್ಲಿಸಲಾಗದಂತಹ ಸಾಫ್ಟ್‌ವೇರನ್ನೇ ಕಂಪೆನಿಗಳು ಬಳಸಬೇಕೆಂದು ಕೇಂದ್ರ ಸರಕಾರ 2021ರ ಮಾರ್ಚ್‌ನಲ್ಲಿ ನಿಯಮ ಮಾಡಿತು. ಎರಡು ಬಾರಿ ಮುಂದೂಡಿದ ಬಳಿಕ 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಈ ಸೌಲಭ್ಯ ವರ್ಷವಿಡೀ ಚಾಲ್ತಿಯಲ್ಲಿತ್ತೇ, ಅದರಲ್ಲಿ ಕೈಯಾಡಿಸಲಾಗಿದೆಯೇ ಎಂಬುದನ್ನು ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಹೇಳಲೇಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಕಂಪ್ಯೂಟರ್ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಅದರ ಹೊಣೆ ಹೊತ್ತವರ ಮತ್ತು ಪರಿಣತರ ಪ್ರಮಾಣಪತ್ರವನ್ನು ಕೇಳುತ್ತದೆ.

ಜಿಎಸ್‌ಟಿಯ ವ್ಯವಸ್ಥೆಯಲ್ಲೂ ಇದೇ ತತ್ವವಿದೆ. ಬಿಲ್ಲಿನಲ್ಲಿ ಮೊತ್ತ ಹೆಚ್ಚು ಬಿದ್ದರೆ ಆ ಬಿಲ್ಲನ್ನು ಹರಿದು ಹಾಕುವುದಲ್ಲ, ಕ್ರೆಡಿಟ್ ನೋಟ್ ಕೊಡಬೇಕು. ಕಳೆದ ತಿಂಗಳ ರಿಟರ್ನ್‌ನಲ್ಲಿ ತಪ್ಪಿದ್ದರೆ ಅದನ್ನು ಮುಂದಿನ ತಿಂಗಳ ರಿಟರ್ನ್‌ನಲ್ಲಿ ಸರಿಪಡಿಸಬೇಕು. ಅದಕ್ಕೂ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರ ಗಡುವಿದೆ. ಅಂದರೆ ಹಳೆಯದು ಹಳೆಯದಾಗಿಯೇ ಉಳಿಯುತ್ತದೆ, ಅದರ ಪಕ್ಕದಲ್ಲಿ ತಿದ್ದುಪಡಿ ಬಂದು ನಿಲ್ಲುತ್ತದೆ. ಕಾಗದದ ಕಾಲದ ಆ ಒಂದು ಗೆರೆಯ ನೀತಿಯೇ ಇದು.

ಆದರೆ ಇಲ್ಲೊಂದು ದೊಡ್ಡ ಬಿರುಕಿದೆ. ಲೆಕ್ಕದ ಜಾಡಿನ ಆ ನಿಯಮ ಇರುವುದು ಕಂಪೆನಿಗಳಿಗೆ. ಸಾರ್ವಜನಿಕರ ಹಣದಿಂದ ನಡೆಯುವ ನಮ್ಮ ಟ್ರಸ್ಟುಗಳು, ಸಂಘಗಳು, ಜಮಾಅತ್ ಸಮಿತಿಗಳು ಅದರ ವ್ಯಾಪ್ತಿಯಲ್ಲಿಲ್ಲ. ಲಾಭಕ್ಕಾಗಿ ನಡೆಯುವ ಕಂಪೆನಿ ತನ್ನ ಪ್ರತಿಯೊಂದು ತಿದ್ದುಪಡಿಯ ಗುರುತನ್ನು ಉಳಿಸಬೇಕು, ವಿಧವೆಯ ಪಿಂಚಣಿಯಿಂದಲೂ ಬಡವನ ದಿನಗೂಲಿಯಿಂದಲೂ ದೇಣಿಗೆ ಪಡೆಯುವ ಸಂಸ್ಥೆ ಉಳಿಸಬೇಕಾಗಿಲ್ಲ. ಇದು ನ್ಯಾಯವೇ? ಕಾನೂನು ಕೇಳುವುದಿಲ್ಲ ಎಂಬ ಕಾರಣಕ್ಕೆ ನಾವೂ ಕೇಳದಿರಬೇಕೇ?

'ನಮ್ಮಲ್ಲಿ ಎಲ್ಲರೂ ಪ್ರಾಮಾಣಿಕರು, ಪರಸ್ಪರ ವಿಶ್ವಾಸದಿಂದ ನಡೆಯುವ ಸಂಸ್ಥೆಯಲ್ಲಿ ಇಷ್ಟೊಂದು ಅನುಮಾನವೇಕೆ?' ಎಂಬ ಆಕ್ಷೇಪ ಬರುವುದು ಸಹಜ. ಈ ಮಾತಿನಲ್ಲಿರುವ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. ಪ್ರತಿಫಲ ಬಯಸದೆ ದುಡಿಯುವ ಕಾರ್ಯದರ್ಶಿ, ಕೋಶಾಧಿಕಾರಿಗಳನ್ನು ಕಳ್ಳರಂತೆ ಕಾಣುವುದು ಅನ್ಯಾಯ. ಆದರೆ ನಾವು ಹೇಳಿದ ಪ್ರಕರಣದಲ್ಲಿ ಎಲ್ಲರೂ ಪ್ರಾಮಾಣಿಕರೇ ಆಗಿದ್ದರು ಎಂಬುದನ್ನು ಗಮನಿಸಬೇಕು. ರಶೀದಿ ಬರೆದ ಹುಡುಗ, ಅಳಿಸಿದ ಹಿರಿಯರು, ಪರಿಶೀಲಿಸಿದ ಮೂವರು, ಯಾರಲ್ಲೂ ಮೋಸವಿರಲಿಲ್ಲ. ಆದರೂ ಅನ್ಯಾಯವಾಯಿತು. ತಿದ್ದುಪಡಿಯ ಗುರುತು ಉಳಿಯುವ ವ್ಯವಸ್ಥೆಯಿಂದ ಮೊದಲು ರಕ್ಷಣೆ ಸಿಗುವುದು ಪ್ರಾಮಾಣಿಕನಿಗೇ. 'ನಾನು ಮಾಡಿಲ್ಲ' ಎಂದು ಹೇಳುವವನ ಬಳಿ ಆಗ ಬರೇ ಬಾಯಿಮಾತಲ್ಲ, ಆಧಾರವೂ ಇರುತ್ತದೆ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಖರ್ಚಿನ ಅಗತ್ಯವೇನೂ ಇಲ್ಲ. 1986ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ನೆಲೆಸಿರುವ ಸಂಸ್ಥೆಯ ಟ್ಯಾಲಿ ನಮ್ಮ ಬಹುತೇಕ ಕಚೇರಿಗಳಲ್ಲಿದೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ವೋಚರ್ ಒಂದನ್ನು ಇಲ್ಲವಾಗಿಸಲು ಎರಡು ದಾರಿಗಳಿವೆ. ಆಲ್ಟ್ ಮತ್ತು ಡಿ ಒತ್ತಿದರೆ ವೋಚರ್ ಅಳಿದೇ ಹೋಗುತ್ತದೆ. ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ರದ್ದಾಗುತ್ತದೆ, ಮೊತ್ತ ಹೋದರೂ ವೋಚರಿನ ಸಂಖ್ಯೆ ಅಲ್ಲಿಯೇ ಉಳಿಯುತ್ತದೆ. ಸಂಖ್ಯೆ ಉಳಿದರೆ ಪ್ರಶ್ನೆಯೂ ಉಳಿಯುತ್ತದೆ. ಆದುದರಿಂದ ಅಳಿಸುವ ಅಧಿಕಾರವನ್ನು ಯಾರಿಗೂ ಕೊಡದೆ, ರದ್ದು ಮಾಡುವುದನ್ನೇ ನಿಯಮವಾಗಿಸಬೇಕು. ತಪ್ಪು ಖಾತೆಗೆ ಹೋದ ಹಣವನ್ನು ಜರ್ನಲ್ ವೋಚರ್ ಮೂಲಕ ಸರಿಯಾದ ಖಾತೆಗೆ ವರ್ಗಾಯಿಸಿ, ಯಾವ ವೋಚರಿನ ಯಾವ ತಪ್ಪನ್ನು ಯಾರ ಸೂಚನೆಯಂತೆ ತಿದ್ದಲಾಯಿತೆಂದು ವಿವರಣೆಯ ಸಾಲಿನಲ್ಲಿ ಬರೆಯಬೇಕು. ತಿದ್ದುಪಡಿಗಳ ದಾಖಲೆಯನ್ನು ನಿಲ್ಲಿಸಲಾಗದಂತಹ ಎಡಿಟ್ ಲಾಗ್ ಆವೃತ್ತಿ ಟ್ಯಾಲಿಯಲ್ಲೇ ಲಭ್ಯವಿದೆ. ಸಂಘ ಸಂಸ್ಥೆಗಳು ಅದನ್ನು ಸ್ವಇಚ್ಛೆಯಿಂದ ಬಳಸಬಹುದು.

ಎರಡನೆಯದಾಗಿ, ಒಬ್ಬರಿಗೊಂದು ಪಾಸ್‌ವರ್ಡ್. ಐವರು ಒಂದೇ ಹೆಸರಿನಲ್ಲಿ ಒಳಗೆ ಹೋಗುವ ಕಚೇರಿಯಲ್ಲಿ ಎಂತಹ ದಾಖಲೆಯೂ ವ್ಯರ್ಥ. ಮೂರನೆಯದಾಗಿ, ಬ್ಯಾಕಪ್. ಅದನ್ನು ಲೆಕ್ಕ ಬರೆಯುವವರ ಕೈಯಲ್ಲಷ್ಟೇ ಬಿಡದೆ ತಿಂಗಳಿಗೊಂದು ಪ್ರತಿಯನ್ನು ಬೇರೊಬ್ಬ ಹೊಣೆಗಾರರ ಬಳಿ ಇಡಬೇಕು. ಆ ಹುಡುಗನ ನಿರಪರಾಧಿತ್ವವನ್ನು ಕೊನೆಗೂ ತೋರಿಸಿಕೊಟ್ಟಿದ್ದು ಒಂದು ಹಳೆಯ ಬ್ಯಾಕಪ್. ನಾಲ್ಕನೆಯದಾಗಿ, ವರ್ಷದ ಅಢಾವೆ ಪತ್ರಿಕೆಯೊಂದಿಗೆ ಆ ವರ್ಷ ಮಾಡಿದ ತಿದ್ದುಪಡಿಗಳ ಪಟ್ಟಿಯನ್ನೂ ಮಹಾಸಭೆಯ ಮುಂದಿಡಬೇಕು. ಇದರಿಂದ ಸಂಸ್ಥೆಯ ಮಾನ ಹೋಗುತ್ತದೆಂಬ ಭಯ ಬೇಡ. ಒಂದು ತಿದ್ದುಪಡಿಯೂ ಇಲ್ಲದ ಲೆಕ್ಕವನ್ನು ಕಂಡಾಗ ಸದಸ್ಯರು ಇನ್ನಷ್ಟು ಎಚ್ಚರಿಕೆಯಿಂದ ಓದುವುದೊಳ್ಳೆಯದು.

ಕೊನೆಯದಾಗಿ, ಇವೆಲ್ಲಕ್ಕಿಂತ ಮುಖ್ಯವಾದ ಮಾತು. ಯಂತ್ರದ ದಾಖಲೆಯನ್ನು ಮುಂದಿಟ್ಟು ಒಬ್ಬನನ್ನು ದೋಷಿಯೆನ್ನುವ ಮುನ್ನ ಆ ದಾಖಲೆಯನ್ನು ಆತನಿಗೂ ತೋರಿಸಬೇಕು. ಯಾವ ನಮೂದು ಯಾವಾಗ ಬಿತ್ತು, ಯಾರ ಹೆಸರಿನಲ್ಲಿ ಬದಲಾಯಿತು, ಪಡಿಯಚ್ಚು ಏನು ಹೇಳುತ್ತದೆ ಎಂಬುದನ್ನು ಆತನ ಎದುರಿನಲ್ಲೇ ನೋಡಬೇಕು. ಆತ ಒಪ್ಪದಿದ್ದರೆ ಆ ಅಸಮ್ಮತಿಯೂ ದಾಖಲಾಗಬೇಕು. ಎಡಿಟ್ ಲಾಗ್ ಕೂಡ ಸರ್ವಜ್ಞವೇನಲ್ಲ. ಯಾರ ಪಾಸ್‌ವರ್ಡ್ ಎಂದು ಅದು ಹೇಳೀತು, ಕೀಲಿಮಣೆಯ ಮುಂದೆ ಯಾರು ಕುಳಿತಿದ್ದರು ಎಂದು ಹೇಳದು. ಪಡಿಯಚ್ಚು, ಬ್ಯಾಂಕಿನ ಪಾಸ್‌ಬುಕ್, ಹಣ ಕಟ್ಟಿದವರ ಮಾತು, ಇವುಗಳ ಜೊತೆಗಿಟ್ಟು ನೋಡಿದಾಗ ಮಾತ್ರ ಅದು ಸಾಕ್ಷಿಯಾಗುತ್ತದೆ. ಅಂದು ಆ ತಂದೆಯನ್ನು ಕರೆದು 'ನೀವು ಎಷ್ಟು ಮಕ್ಕಳ ಶುಲ್ಕ ಕಟ್ಟಿದಿರಿ?' ಎಂದು ಕೇಳುವ ವ್ಯವಧಾನ ನಮ್ಮ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ.

ಸತ್ಯ ತಿಳಿದ ಬಳಿಕ ಸಂಸ್ಥೆಯವರು ಕಡಿತ ಮಾಡಿದ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದರು. ನಾವು ಮೂವರೂ ಆ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆತನ ತಾಯಿ ಚಹಾ ಕೊಟ್ಟರು, ಆದರೆ ನಮ್ಮೊಂದಿಗೆ ಮಾತಾಡಲಿಲ್ಲ. ಹೊರಡುವಾಗ ಆತ ಒಂದೇ ಪ್ರಶ್ನೆ ಕೇಳಿದ: 'ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದಿದ್ದೀರಾ ಸರ್?'

ನಾವು ಬರೆದಿರಲಿಲ್ಲ. ಆತನ ಮೇಲಿನ ಆರೋಪ ಸಮಿತಿಯ ನಡಾವಳಿಯಲ್ಲಿ ಸಹಿ ಸಮೇತ ದಾಖಲಾಗಿತ್ತು, ಆತನ ನಿರಪರಾಧಿತ್ವ ನಮ್ಮ ಬಾಯಿಮಾತಿನಲ್ಲಿತ್ತು. ಮುಂದಿನ ಸಭೆಯಲ್ಲಿ ಒಬ್ಬರು ಆ ಹಳೆಯ ಪುಟವನ್ನೇ ಹರಿದು ತೆಗೆಯೋಣವೆಂದರು. ಬೇಡವೆಂದು ನಾವು ಹಠ ಹಿಡಿದೆವು. ಹಳೆಯ ನಿರ್ಣಯ ಹಾಗೆಯೇ ಇದೆ. ಅದರ ಬದಿಯಲ್ಲಿ ಹೊಸ ನಿರ್ಣಯದ ಪುಟಸಂಖ್ಯೆ ಮತ್ತು ದಿನಾಂಕವಿದೆ. ಹೊಸ ಪುಟದಲ್ಲಿ ತಪ್ಪು ಯಾರದು, ಹೇಗಾಯಿತು, ಯಾರಿಗೆ ಅನ್ಯಾಯವಾಯಿತು ಎಂದು ಬರೆದು ನಾವು ಮೂವರೂ ಸಹಿ ಹಾಕಿದ್ದೇವೆ. ಅದರ ಒಂದು ಪ್ರತಿ ಆ ಹುಡುಗನ ಬಳಿಯಿದೆ.